ಕಂಚಿ ಮುಟ್ಟಿದ ಕೈ

ರಾಯದುರ್ಗದ ಆದಿನಾರಾಯಣನಿಗೆ ಹಲ್ಲಿ ಕಂಡರೆ ಭಯ ಎಂದಷ್ಟೇ ಹೇಳಿ ಬಿಟ್ಟರೆ ಅವನಿಗೆ ಅನ್ಯಾಯ ಮಾಡಿದಂತೆ. ಹಲ್ಲಿ ಕಂಡರೆ ಯಾರು ಬೇಕಾದರೂ ಹೆದರುತ್ತಾರೆ. ಆದಿನಾರಾಯಣ ಹಲ್ಲಿ ಕಾಣದಿದ್ದರೂ ಹೆದರುತ್ತಿದ್ದ. ಎದುರಿನ ಗೋಡೆಯ ಮೇಲೆ ಬಿಮ್ಮಗೆ ಕೂತ ಹಲ್ಲಿಯದಾದರೂ ವಿಳಾಸ ಗೊತ್ತಿರುತ್ತದೆ. ಈಗ ತಾನೇ ಅಲ್ಲಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾದ ಹಲ್ಲಿ ಎಲ್ಲಿ ಹೋಯಿತೆಂದು ಹೇಳುವ ಗಂಡಸು ಯಾರಿದ್ದಾನೆ? ಟ್ಯೂಬ್‌ಲೈಟಿನ ಹಿಂದೆ ಇರಬಹುದು, ಕ್ಯಾಲೆಂಡರಿನ ಹಿಂದೆ ಇರಬಹುದು, ತಾನು ಈಗ ತೊಡಬೇಕೆಂದಿರುವ ಅಂಗಿಯ ತೋಳಿನೊಳಗೇ ಇರಬಹುದು. ಹಾಗಾಗಿ ಅವನು ಅಂಗಿಯನ್ನು ಜಾಡಿಸದೆ ತೊಟ್ಟವನಲ್ಲ, ಮೇಲೆ ನೋಡದೆ ಬಾಗಿಲು ದಾಟಿದವನಲ್ಲ. (ಸದಾ ಕತ್ತೆತ್ತಿಕೊಂಡೇ ನಡೆಯುವ ಅವನನ್ನು ನೋಡಿ ಹೊಸಬರು ಅಹಂಕಾರಿ ಎಂದುಕೊಳ್ಳುತ್ತಿದ್ದರು. ಪಾಪ, ಅವನು ಸೂರು ನೋಡುತ್ತಿದ್ದ.)

ಇಂಥ ಮಹಾಶಯ ತನ್ನ ಬೀದಿಗೆಲ್ಲ ಹಲ್ಲಿದೋಷ ಕಳೆಯುವ ಧನ್ವಂತರಿಯಾಗಿ ಮೆರೆಯುತ್ತಿದ್ದ ಎಂದರೆ ನೀವು ನಂಬಬೇಕು. ಮೈಮೇಲೆ ಹಲ್ಲಿ ಬಿದ್ದರೆ ತಲೆಗೆ ನೀರು ಸುರಿದುಕೊಂಡು, ಕಂಚಿಯ ಗುಡಿಯ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿ ಮುಟ್ಟಿ ಬಂದವರನ್ನು ಹುಡುಕಿ ಅವರನ್ನು ಮುಟ್ಟಬೇಕು. ಅಲ್ಲಿಗೆ ದೋಷ ಕಳೆಯಿತು. ಬಿದ್ದವರೆಲ್ಲ ಕಂಚಿಗೆ ಓಡಲು ಆಗುತ್ತದೆಯೇ? ಬೀದಿಗೊಬ್ಬರು ಹೋಗಿ ಬಂದಿದ್ದರೆ ಸಾಕು. ಆ ಬೀದಿಯ ಒಬ್ಬರು ಆದಿನಾರಾಯಣ. ಮನೆಯ ಮುಂದಿನ ಹಾಲ್‌ನಲ್ಲಿ ಮಷೀನುಗಳನ್ನಿಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಸುವ ಅವನ ಬಾಗಿಲಿಗೆ ಬಟ್ಟೆಯವರಿಗಿಂತ ಹಲ್ಲಿಯವರೇ ಹೆಚ್ಚು ಬರುತ್ತಿದ್ದರು. 'ಅನ್ನಾ, ಬಲ್ಲಿ ಪಡಿಂದನ್ನಾ' ಎಂದು ತೆಲುಗಿನಲ್ಲಿ ಅಳುತ್ತಾ ಬಂದವರೂ, 'ಅಣ್ಣಾರ, ಹಲ್ಲಿ ಬಿತ್ರಿ' ಎಂದು ಕನ್ನಡದಲ್ಲಿ ನಡುಗುತ್ತಾ ಬಂದವರೂ ಅವನು ಚಾಚಿದ ಬಲಗೈಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನಗುತ್ತಾ ಹೋಗುತ್ತಿದ್ದರು.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಟೈಲರುಗಳೆಲ್ಲ ಕೂಡಿ ಕಂಚಿಗೆ ಯಾತ್ರೆ ಹೋಗಿದ್ದಾಗ ಆದಿನಾರಾಯಣ ಸಾಲಿನಲ್ಲಿ ನಿಂತದ್ದು ನಿಜ, ಮೆಟ್ಟಿಲು ಹತ್ತಿದ್ದು ನಿಜ, ಕೈ ಮೇಲೆತ್ತಿದ್ದೂ ನಿಜ. ಆದರೆ ಅಷ್ಟು ಹತ್ತಿರದಿಂದ ನೋಡಿದಾಗ ಚಿನ್ನದ್ದಾದರೂ ಅದು ಹಲ್ಲಿಯೇ. ಮುಟ್ಟಿದರೆ ಬಾಲ ಅಲ್ಲಾಡಿಸಿಬಿಡುತ್ತದೆ ಎನಿಸಿತು. ಕೈ ತಾನಾಗಿಯೇ ಒಂದು ಗೇಣು ಪಕ್ಕಕ್ಕೆ ಸರಿದು ಗೋಡೆಯನ್ನು ಸವರಿತು, ಹಿಂದಿನವರು ನೂಕಿದರು, ಅವನು ಇಳಿದು ಬಂದ. ಕೆಳಗೆ ಜತೆಯವನಾದ ಲಕ್ಷ್ಮೀನರಸಪ್ಪ, 'ಹೆಂಗಿತ್ತಪ್ಪ ಮುಟ್ಟಿದ್ರ?' ಎಂದು ಕೇಳಿದಾಗ, 'ತಣ್ಣಗಿತ್ತು' ಎಂದ. ಸುಳ್ಳೇನಲ್ಲ, ಗೋಡೆಯೂ ತಣ್ಣಗೇ ಇತ್ತು. ಆ ಒಂದು ಮಾತು ಅವನಿಗಿಂತ ಮೊದಲು ರಾಯದುರ್ಗ ತಲುಪಿ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿತು.

ಬೀದಿಯವರ ಮಾತು ಹಾಗಿರಲಿ. ಅವನ ಎದೆ ಡವಗುಟ್ಟುತ್ತಿದ್ದುದು ಮಗಳು ಹರಿತಾಳ ವಿಷಯಕ್ಕೆ. ಎರಡನೇ ಕ್ಲಾಸಿನ ಈ ಹುಡುಗಿ ಹಿತ್ತಲಿನ ಬಚ್ಚಲುಮನೆಗೆ ಹೋಗುವ ಮುಂಚೆ ದಿನವೂ ಓಡಿ ಬಂದು ಅಪ್ಪನ ಕೈ ಮುಟ್ಟುತ್ತಿದ್ದಳು. ಆ ಬಚ್ಚಲು ಹಲ್ಲಿಗಳ ರಾಜಧಾನಿ. ಕೈ ಮುಟ್ಟಿದವಳೇ ತಲೆಯೆತ್ತಿ ನೋಡದೆ ಒಳಗೆ ನಡೆದುಬಿಡುತ್ತಿದ್ದಳು, ಅಪ್ಪ ಹೊರಗೆ ನಿಂತು ಅವಳು ಬರುವವರೆಗೂ ಬೆವರುತ್ತಿದ್ದ. ಮಗಳ ಧೈರ್ಯವೆಲ್ಲ ತನ್ನ ಈ ಸುಳ್ಳು ಕೈಯ ಮೇಲೆ ನಿಂತಿದೆ, ನಿಜ ತಿಳಿದ ದಿನ ಕೂಸು ತನ್ನಂತೆಯೇ ಸೂರು ನೋಡುತ್ತಾ ಬದುಕಬೇಕಾಗುತ್ತದೆ ಎಂದು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹಾಗಾಗಿ ಮಕ್ಕಳೆದುರು ಅವನು ಒಮ್ಮೆಯೂ ಕಿರುಚಿದವನಲ್ಲ. ಹಲ್ಲಿ ಕಂಡರೆ ಕೆಮ್ಮುತ್ತಿದ್ದ. ಅವನಿಗೆ ದಮ್ಮಿದೆ ಎಂದೇ ಬೀದಿಯವರು ತಿಳಿದಿದ್ದರು.

ಯುಗಾದಿ ಇನ್ನೇನು ಬಂತು ಎನ್ನುವ ಹೊತ್ತಿಗೆ ಮಡಕಶಿರದಿಂದ ಹೆಂಡತಿಯ ತಮ್ಮ ಗುರುಪ್ರಕಾಶ್ ಬಂದ. ಅವನು ಅಲ್ಲಿನ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕೈಯಲ್ಲಿ ದೊಡ್ಡ ಥರ್ಮೋಕೋಲ್ ಡಬ್ಬಿ. ಮಾವಿನಹಣ್ಣಿರಬೇಕೆಂದು ಆದಿನಾರಾಯಣ ಕತ್ತರಿ ಕೆಳಗಿಟ್ಟು ತಾನೇ ಮುಂದೆ ಬಂದು ಮುಚ್ಚಳ ತೆಗೆದ.

ಒಳಗೆ ನೀರು. ನೀರಿನಲ್ಲಿ ಒಂದು ಗೇಣುದ್ದದ ಪ್ರಾಣಿ. ಆಗತಾನೇ ಹುಟ್ಟಿದ ಕೂಸಿನ ಅಂಗಾಲಿನ ಬಣ್ಣದ ಮೈ, ಬಾಲ, ನಾಲ್ಕು ಕಾಲು, ಕಾಲಿಗೆ ಬೆರಳು. ಕತ್ತಿನ ಎರಡೂ ಕಡೆ ಕೆಂಪು ಗರಿಗಳಂಥ ಕವಲು. ರೆಪ್ಪೆಯೇ ಇಲ್ಲದ ಕಣ್ಣು. ಬಾಯಿ ಈ ಕಿವಿಯಿಂದ ಆ ಕಿವಿಯವರೆಗೆ (ಕಿವಿ ಇದ್ದಿದ್ದರೆ) ಹರಡಿಕೊಂಡು, ಅದು ಆದಿನಾರಾಯಣನನ್ನೇ ನೋಡಿ ನಗುತ್ತಿತ್ತು. ಅವನು ಹಿಂದೆ ಹಿಂದೆ ಸರಿದು, ಕಾಜಾ ಹಾಕುವ ಮಷೀನು ಬೆನ್ನಿಗೆ ತಾಗಿದ ಮೇಲೆ ನಿಂತು, ಜೋರಾಗಿ ಕೆಮ್ಮಿದ.

"ಆಕ್ಸೊಲಾಟಲ್ ಅಂತಾರೆ ಭಾವ. ಮೆಕ್ಸಿಕೋ ದೇಶದ್ದು. ಬೆಂಗಳೂರಿನ ಸ್ನೇಹಿತ ಕೊಟ್ಟ. ಮಕ್ಕಳಿಗೆ ಪರಿಚಯ ಮಾಡ್ಸಾಣ ಅಂತ ತಂದೆ" ಎಂದ ಗುರುಪ್ರಕಾಶ್. ಮಕ್ಕಳಿಬ್ಬರೂ ಆಗಲೇ ಡಬ್ಬಿಯ ಮೇಲೆ ಮುಗಿಬಿದ್ದಿದ್ದರು. ಆರನೇ ಕ್ಲಾಸಿನ ಮಗ ರವಿತೇಜ ಕೇಳಿದ, "ಮಾಮಾ, ಇದು ಮೀನೋ, ಹಲ್ಲಿಯೋ?"

"ಎರಡೂ ಅಲ್ಲ ಕಣೋ. ಉಭಯವಾಸಿ ಜಾತಿ. ಅಂದ್ರೆ ನೀರಲ್ಲೂ ನೆಲದಲ್ಲೂ..."

ಆದಿನಾರಾಯಣ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ನೀರಲ್ಲೂ ನೆಲದಲ್ಲೂ! ಊರಿನ ಹಲ್ಲಿಗಾದರೂ ಗೋಡೆ ಬಿಟ್ಟರೆ ಗತಿಯಿಲ್ಲ, ಬಿಂದಿಗೆಯ ನೀರಿಗೆ ಕೈಹಾಕುವಾಗ ಮನುಷ್ಯ ನೆಮ್ಮದಿಯಾಗಿರಬಹುದು. ಇದು ಆ ನೆಮ್ಮದಿಗೂ ಕಲ್ಲು ಹಾಕಿತು. ಅಷ್ಟರಲ್ಲಿ ಗುರುಪ್ರಕಾಶ್ ತನಗೆ ಅನಂತಪುರದಲ್ಲಿ ಟ್ರೈನಿಂಗ್ ಇದೆಯೆಂದೂ, ಮುಗಿಯುವವರೆಗೆ ಇದು ಇಲ್ಲೇ ಇರಲೆಂದೂ, ನೀರು ಮಾತ್ರ ತಣ್ಣಗಿರಬೇಕೆಂದೂ, ಬಿಸಿಯಾದರೆ ಸತ್ತೇ ಹೋಗುತ್ತದೆಂದೂ ಹೇಳಿಬಿಟ್ಟ.

"ಈ ರಾಯದುರ್ಗದ ಬಿಸಿಲಾಗ ತಣ್ಣಗ? ಇಲ್ಲಿ ನಮಗ ತಣ್ಣಗಿಲ್ಲ!" ಎಂದ ಆದಿನಾರಾಯಣ, ಆಶೆಯಿಂದ.

"ಅದಕ್ಕೇನ್ರಿ, ಬಾಟ್ಲಿಗೆ ನೀರು ತುಂಬಿ ಫ್ರಿಜ್ಜಿನಾಗ ಗಡ್ಡಿ ಕಟ್ಟಿಸಿ ಒಂದಾದ ಮ್ಯಾಲೊಂದು ಇಡೋದು. ಮಕ್ಕಳು ನಾಲ್ಕು ಕಲೀಲಿ" ಎಂದಳು ಹೆಂಡತಿ ವಿಶಾಲಮ್ಮ.

ಅವನಿಗೆ ಆಗಲೇ ಅನುಮಾನ ಬರಬೇಕಿತ್ತು. ಬೆಕ್ಕಿನ ಮರಿ ತಂದರೆ ಮಕ್ಕಳನ್ನೂ ಸೇರಿಸಿ ಹೊರಗೆ ಹಾಕುವ ಹೆಂಗಸು, ತಮ್ಮ ಬಾಯಿ ತೆರೆಯುವುದಕ್ಕೆ ಮುಂಚೆಯೇ ಫ್ರಿಜ್ಜಿನಲ್ಲಿ ಜಾಗ ಮಾಡಿದ್ದಳು. ಆದರೆ ಭಯದಲ್ಲಿರುವವನಿಗೆ ಅನುಮಾನಪಡುವಷ್ಟು ಬಿಡುವೆಲ್ಲಿ?

ಅಂದಿನಿಂದ ಮನೆಯ ಏರ್‌ಕೂಲರ್ ಆ ಡಬ್ಬಿಯ ಕಡೆ ತಿರುಗಿತು, ಯಜಮಾನ ಬೀಸಣಿಗೆ ಹಿಡಿದ. ಅದರ ಊಟಕ್ಕೆಂದು ಗುರುಪ್ರಕಾಶ್ ಹಿಪ್ಪುನೇರಳೆ ತೋಟದಲ್ಲಿ ಅಗೆದು ತಂದಿದ್ದ ಎರೆಹುಳುಗಳ ಡಬ್ಬಿ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಕೂತಿತು. ಹರಿತಾ ನೀರಿಗೆ ಬೆರಳಿಳಿಸಿ ಅಲುಗಾಡದೆ ಕಾಯುತ್ತಿದ್ದಳು. ಅದು ತೇಲುತ್ತಾ ಬಂದು ಬೆರಳ ತುದಿಗೆ ಮೂತಿ ತಾಗಿಸಿದರೆ ಕಿಲಕಿಲ ನಗುತ್ತಿದ್ದಳು. ಆ ನಗು ಕೇಳಿದಾಗಲೆಲ್ಲ ಆದಿನಾರಾಯಣ ಅಂಗಳಕ್ಕೆ ಹೋಗಿ ಕೆಮ್ಮಿ ಬರುತ್ತಿದ್ದ. ರವಿತೇಜ ಹಗಲೆಲ್ಲ ಪಾಠ ಒಪ್ಪಿಸುತ್ತಿದ್ದ.

"ಅಪ್ಪಾ, ಕಾಲು ಕತ್ತರಿಸಿ ಹೋದ್ರೂ ಇದಕ್ಕ ಮತ್ತ ಕಾಲು ಬರ್ತೈತಂತ."

"ಯಾಕ್ ಬರಬೇಕೋ? ನಾಲ್ಕು ಸಾಲಲ್ವಾ ಅದಕ್ಕ?"

"ಇನ್ನೊಂದು ಗೊತ್ತಾ? ಇದು ಎಷ್ಟು ವರ್ಷ ಆದ್ರೂ ದೊಡ್ಡದೇ ಆಗಂಗಿಲ್ಲ. ಸಾಯೋತನಕ ಮರೀನ."

"ನಮ್ಮನ್ಯಾಗೂ ಹಂಗ ಒಬ್ಬರು ಅದಾರ ಬಿಡು" ಎಂದಳು ವಿಶಾಲಮ್ಮ, ಒಲೆಯ ಕಡೆ ತಿರುಗಿ.

ಆದಿನಾರಾಯಣ ಯುಗಾದಿಗೆಂದು ತಂದ ಹೊಸ ಪಂಚಾಂಗ ತೆಗೆದು, ಬೇವುಬೆಲ್ಲಕ್ಕೂ ಮುಂಚೆ ಹಲ್ಲಿ ಬಿದ್ದರೆ ಫಲ ಹೇಳುವ ಪುಟ ತಿರುವಿದ. ತಲೆಗೆ ಬಿದ್ದರೆ ಇಂಥದು, ಹೆಗಲಿಗೆ ಬಿದ್ದರೆ ಇಂಥದು, ಓತಿಕ್ಯಾತ ಬಿದ್ದರೆ ಇಂಥದು ಎಂದೆಲ್ಲ ಇತ್ತು. ಕತ್ತಿಗೆ ಗರಿ ಕಟ್ಟಿಕೊಂಡು ನೀರಿನಲ್ಲಿ ನಗುವ ಪರದೇಶದ ಹಲ್ಲಿಯ ಬಗ್ಗೆ ಶಾಸ್ತ್ರಕಾರರು ಚಕಾರ ಎತ್ತಿರಲಿಲ್ಲ. ಫಲ ಬರೆದಿಲ್ಲವೆಂದರೆ ಫಲವಿಲ್ಲವೆಂದೋ, ಬರೆಯಲು ಶಾಸ್ತ್ರಕಾರರೂ ಹೆದರಿದರೆಂದೋ? ಅವನು ಎರಡನೆಯದನ್ನೇ ನಂಬಿದ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ವಿಶಾಲಮ್ಮ ಮಕ್ಕಳನ್ನು ಕರೆದುಕೊಂಡು ಅಂಗಡಿಬೀದಿಗೆ ಹೋಗಿದ್ದಳು. ಕೆಲಸದವರು ಊಟಕ್ಕೆ ಹೋಗಿದ್ದರು. ಕರೆಂಟು ಹೋಯಿತು. ಕೂಲರ್ ನಿಂತಿತು. ಮರುಕ್ಷಣವೇ ಹೆಂಡತಿಯ ಫೋನು ಬಂತು.

"ಏನ್ರಿ, ಇಲ್ಲಿ ಅಂಗಡಿಬೀದ್ಯಾಗೂ ಕರೆಂಟ್ ಹೋಗೈತಿ. ಡಬ್ಬಿಯಾಗಿನ ಬಾಟ್ಲಿ ಕರಗಿರ್ತೈತಿ, ಬ್ಯಾರೇದು ಇಡ್ರಿ."

"ನೀವು ಬಂದಮ್ಯಾಲ..."

"ನಾವು ಬರೋದರಾಗ ಅದು ಸತ್ತಿರ್ತೈತಿ. ಹರಿತಾಗ ಏನಂತ ಹೇಳ್ತೀರಿ?" ಎಂದು ಫೋನಿಟ್ಟಳು.

ಸಾಯುವುದೇ! ಮೇಲೆ ಬಿದ್ದರೆ ದೋಷ. ಮನೆಯಲ್ಲಿ ಸತ್ತರೆ ಹಲ್ಲಿ ಹತ್ಯೆ, ಅದಕ್ಕೆ ಯಾರ ಕೈ ಮುಟ್ಟಿದರೂ ಹೋಗುವುದಿಲ್ಲ. ಮೇಲಾಗಿ ಮಗಳ ಅಳು. ಆದಿನಾರಾಯಣ ಮೆಲ್ಲಗೆ ಹೋಗಿ ಡಬ್ಬಿಯೊಳಗೆ ಇಣುಕಿದ. ಅದು ಗರಿಗಳನ್ನು ಒದರುತ್ತಾ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಳಗಿಳಿಯಿತು. ಅವನು ಬೆವರಿದ, ಅದಕ್ಕೂ ಬೆವರುವ ಅನುಕೂಲವಿದ್ದಿದ್ದರೆ ಬೆವರುತ್ತಿತ್ತು.

ಬರಿಗೈಯನ್ನು ಆ ನೀರಿಗೆ ಇಳಿಸುವ ಮಾತೇ ಇಲ್ಲ. ಕಸುಬು ಕಲಿತವನಿಗೆ ಕಷ್ಟಕಾಲದಲ್ಲಿ ಕಸುಬೇ ನೆನಪಾಗುತ್ತದೆ. ಅಳತೆ ಮೂವತ್ತಾರರ ಒಂದು ಗಟ್ಟಿ ಜೀನ್ಸ್ ಪ್ಯಾಂಟಿನ ಎಡಗಾಲನ್ನು ತೊಡೆಯ ಬಳಿ ಕತ್ತರಿಸಿದ. ಕರೆಂಟಿಲ್ಲದ್ದಕ್ಕೆ ಮೂಲೆಯಲ್ಲಿದ್ದ ಹಳೆಯ ಕಾಲುಮಷೀನಿನಲ್ಲಿ ಕೂತು, ಪಾದದ ಕಡೆಯ ಬಾಯಿಯನ್ನು ಜೋಡಿ ಹೊಲಿಗೆ ಹಾಕಿ ಮುಚ್ಚಿ, ಹೆಬ್ಬೆರಳಿಗೊಂದು ಚೀಲ ಬಿಟ್ಟ. ಹಾಗೆ ಭುಜದವರೆಗೆ ಬರುವ ಒಂದು ಕೈಗವಸು ತಯಾರಾಯಿತು. ಕತ್ತರಿ ಹಿಡಿದ ಕೈಗೆ ಎಡಬಲ ಯಾವುದೆಂದು ತೋಚದೆ ಅದು ಎಡಗೈಗೆ ಆಗಿತ್ತು. ಇರಲಿ ಎಂದು ತೊಟ್ಟುಕೊಂಡ. ಬನಿಯನ್ನಿನ ಮೇಲೆ ಎದೆಗೆ ಇನ್ನೊಂದು ಪ್ಯಾಂಟು ಕಟ್ಟಿಕೊಂಡ. ಹೀಗೆ ಸರ್ವಾಭರಣಭೂಷಿತನಾಗಿ, ಕಣ್ಣು ಅರ್ಧ ಮುಚ್ಚಿ, ಇಷ್ಟದೇವರನ್ನೂ ಇಷ್ಟವಿಲ್ಲದ ದೇವರನ್ನೂ ನೆನೆಯುತ್ತಾ ಐಸ್ ಕಟ್ಟಿದ ಬಾಟಲಿಯನ್ನು ನೀರಿಗಿಳಿಸಿದ.

ಬಾಟಲಿ ಇಳಿಯಿತು. ಕೈ ಹಿಂದಕ್ಕೆ ಬರಬೇಕು. ಅವಸರದ ಹೊಲಿಗೆಯಲ್ಲಿ ಕತ್ತರಿಸದೆ ಬಿಟ್ಟಿದ್ದ ದಾರದ ಎಳೆಯೊಂದು ಹೆಬ್ಬೆರಳ ತುದಿಯಿಂದ ನೀರಿನಲ್ಲಿ ತೇಲಾಡುತ್ತಿತ್ತು. ಆ ಪ್ರಾಣಿಗೆ ಅದು ಎರೆಹುಳು. ಅದು ಗಪ್ಪೆಂದು ಬಾಯಿ ತೆರೆದು ದಾರವನ್ನೂ ಅದರ ಜತೆಗಿದ್ದ ಹೆಬ್ಬೆರಳನ್ನೂ ಒಳಗೆಳೆದುಕೊಂಡಿತು.

ಆಗ ಆದಿನಾರಾಯಣನ ಬಾಯಿಂದ ಹೊರಟದ್ದು ಕೆಮ್ಮಲ್ಲ. ಕೈ ಎತ್ತಿದ, ಕೈಯ ಜತೆ ಅದೂ ಎದ್ದಿತು. ಒಂದು ಗಳಿಗೆ ಅದು ಅವನ ಮುಖಕ್ಕೆ ಮುಖ ಕೊಟ್ಟು ನಗುತ್ತಾ ನೇತಾಡಿತು. ಆಮೇಲೆ ಬಾಯಿ ಬಿಟ್ಟು, ಗವಸಿನ ಮೇಲೆ ಜಾರಿ, ಗವಸು ಮುಗಿಯುವ ಎಡಭುಜದ ಬಳಿ ಬರಿ ಮೈಗೆ ತಣ್ಣಗೆ, ಮೆತ್ತಗೆ, ಲೋಳೆಲೋಳೆಯಾಗಿ ಒಂದು ಸಲ ಒರೆಸಿಕೊಂಡು, ಡಬ್ಬಿಯೊಳಗೆ ದೊಪ್ಪೆಂದು ಬಿತ್ತು. ಅದಕ್ಕೇನೂ ಆಗಲಿಲ್ಲ. ಹೊಸ ಬಾಟಲಿಯ ತಂಪಿಗೆ ಒರಗಿ ಸುಖವಾಗಿ ಗರಿ ಆಡಿಸತೊಡಗಿತು. ಆದಿನಾರಾಯಣ ಒದ್ದೆಯಾಗಿ ನೆಲದ ಮೇಲೆ ಕೂತಿದ್ದ.

"ಅಣ್ಣಾರ, ಅದೀರೇನ್ರಿ?" ಎನ್ನುತ್ತಾ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತವಳು ಪಕ್ಕದ ಮನೆಯ ಶಂಕ್ರಮ್ಮ. ತಲೆಯಿಂದ ನೀರು ಇಳಿಯುತ್ತಿತ್ತು. "ಪಾತ್ರಿ ತೊಳಿಯಾಕತ್ತಿದ್ದೆ, ಮೊಣಕೈ ಮ್ಯಾಲ ಬಿತ್ರಿ ಹಾಳಾದ್ದು. ಕೈ ಕೊಡ್ರಿ ಸ್ವಲ್ಪ... ಅಯ್ಯ, ಇದೇನ್ರಿ ಕೈಗೆ?"

"ಹೊಸ ಮಾಡಲ್" ಎಂದ ಆದಿನಾರಾಯಣ. ಬಲಗೈ ನೆಲಕ್ಕೂರಿ ಏಳುತ್ತಾ ಗವಸಿನ ಕೈಯನ್ನೇ ಚಾಚಿದ.

"ಬಟ್ಟಿ ಮ್ಯಾಲೆ ಮುಟ್ಟಿದ್ರ ನಡೀತೈತೇನ್ರಿ?"

"ನಡೀತೈತಿ. ಕಾಟನ್ನು."

ಶಂಕ್ರಮ್ಮ ಮುಟ್ಟಿ ಕಣ್ಣಿಗೊತ್ತಿಕೊಂಡು ಹಗುರಾಗಿ ಹೋದಳು. ಆದಿನಾರಾಯಣ ಹೋಗುತ್ತಿದ್ದ ಅವಳ ಬೆನ್ನನ್ನೇ ಹೊಟ್ಟೆಕಿಚ್ಚಿನಿಂದ ನೋಡಿದ. ಅವಳಿಗೆ ತಾನಿದ್ದೇನೆ. ತನಗೆ ಯಾರಿದ್ದಾರೆ? ಬೀದಿಯಲ್ಲಿ ಯಾರನ್ನಾದರೂ ಹೋಗಿ ಮುಟ್ಟುತ್ತೇನೆಂದರೆ, ಕಂಚಿ ಮುಟ್ಟಿದವನಿಗೇಕೆ ಬೇಕು ಪರಿಹಾರ ಎಂದು ಕೇಳುವುದಿಲ್ಲವೇ? ಪಂಚಾಂಗ ತೆಗೆದು ನೋಡಿದ. ಗಂಡಸರಿಗೆ ಎಡಭಾಗ ಒಳ್ಳೆಯದಲ್ಲವೆಂದಿತ್ತು, ಪುಟ ತಿರುಗಿಸುವಷ್ಟರಲ್ಲಿ ಅವನ ಎಡಗಣ್ಣು ಅದುರಿತು. ಅಂದು ಸಂಜೆ ಸೂಜಿ ಮುರಿಯಿತು. ಮಾರನೆಯ ದಿನ ಮೂವತ್ತೆರಡರ ಸೊಂಟಕ್ಕೆ ಇಪ್ಪತ್ತೆಂಟು ಕತ್ತರಿಸಿದ. ಹಾಲು ಒಡೆಯಿತು. ಮಷೀನಿನ ಬೆಲ್ಟು ಹರಿಯಿತು. ಯಾವಾಗಲೂ ಆಗುವಂಥವೇ, ಆದರೆ ಯಾವಾಗಲೂ ಅವನ ಎಡಭುಜದ ಮೇಲೆ ಆ ತಣ್ಣನೆಯ ಗುರುತು ಇರಲಿಲ್ಲವಲ್ಲ! ಈಗ ಎಷ್ಟು ತಿಕ್ಕಿದರೂ ಅದು ಅಲ್ಲೇ ಇದ್ದಂತೆ ಅನಿಸುತ್ತಿತ್ತು. ಹರಿತಾ ಎಂದಿನಂತೆ ಓಡಿಬಂದು ಅವನ ಕೈ ಮುಟ್ಟಿ ಬಚ್ಚಲಿಗೆ ಹೋದಾಗ ಅವನಿಗೆ ಜೀವವೇ ಬಾಯಿಗೆ ಬಂತು. ಇಷ್ಟು ದಿನ ಅದು ಬರೀ ಪೊಳ್ಳು ಕೈ, ಈಗ ದೋಷ ತಗಲಿದ ಕೈ. ಅದು ಮಗುವಿಗೂ ಅಂಟಿದರೆ?

ಅಂಥ ಸಂಕಟದಲ್ಲಿ ಅತ್ತೆ ನೆನಪಾದರು. ಮಡಕಶಿರದ ತಿಪ್ಪಕ್ಕ! ಹೋದ ವರ್ಷದ ಹಿಂದಿನ ವರ್ಷ ಪಕ್ಕದ ಊರಾದ ರೊಳ್ಳದ ಕಡೆಯ ಹೆಂಗಸರ ಜತೆ ಬಸ್ಸಿನಲ್ಲಿ ಕಂಚಿಗೆ ಹೋಗಿ ಬಂದು, ಅಲ್ಲಿಯ ಗುಡಿಯ ವರ್ಣನೆಯನ್ನು ಇನ್ನೂ ಮುಗಿಸದ ಪುಣ್ಯಾತ್ಮರು. ಮನೆಯವರೇ ಆದ್ದರಿಂದ ಗುಟ್ಟೂ ಹೊರಗೆ ಹೋಗದು. ಅಳಿಯ ಅತ್ತೆಯ ಕಾಲಿಗೆ ಬಿದ್ದರೆ ಅದಕ್ಕೆ ಕಾರಣ ಕೇಳುವವರಾರು?

"ಪಾಪ, ಈ ಬಿಸಿಲಿಗೆ ಅದು ಸೊರಗೈತಿ. ನಾನ ಹೋಗಿ ಮಡಕಶಿರಕ್ಕ ಬಿಟ್ಟು ಬರ್ತೀನಿ" ಎಂದ ಹೆಂಡತಿಗೆ.

ವಿಶಾಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಭಾನುವಾರ ಐತಿ, ಎಲ್ಲಾರೂ ಹೋಗೋಣ್ರಿ" ಎಂದಳು. ಅವಳ ತುಟಿಯ ಕೊನೆಯಲ್ಲಿದ್ದ ನಗು ಡಬ್ಬಿಯೊಳಗಿನ ನಗುವಿನಂತೆಯೇ ಇತ್ತು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹೋಗುವ ಆ ಪ್ರಯಾಣವನ್ನು ಆದಿನಾರಾಯಣ ಈ ಜನ್ಮದಲ್ಲಿ ಮರೆಯುವುದಿಲ್ಲ. ಡಬ್ಬಿ ಮೇಲಿನ ಸ್ಟ್ಯಾಂಡಿನಲ್ಲಿ ಹಿಡಿಯಲಿಲ್ಲ, ಕೆಳಗಿಟ್ಟರೆ ಇಂಜಿನ್ ಶಾಖ. ಆದ್ದರಿಂದ ಅದು ಅವನ ತೊಡೆಯ ಮೇಲೆ ಕೂತಿತು. ಗುಂಡಿ ಬಂದಾಗಲೆಲ್ಲ ಒಳಗಿನಿಂದ ಟಪ್ಪೆಂದು ಬಾಲ ಬಡಿಯುವ ಸದ್ದು ಅವನ ಕರುಳಿಗೇ ಕೇಳಿಸುತ್ತಿತ್ತು. ಕಂಡಕ್ಟರ್ ಬಂದು, "ಏಮುಂದನ್ನಾ ಅಂದುಲೋ?" ಎಂದು ಕೇಳಿದ. ಒಳಗೇನಿದೆಯೆಂದು ಹೇಳಲು ಆದಿನಾರಾಯಣನಿಗೆ ಬಾಯಿ ಬರುವ ಮುಂಚೆ ರವಿತೇಜ ಮುಚ್ಚಳ ತೆಗೆದು ತೋರಿಸಿಬಿಟ್ಟ. ಪಕ್ಕದ ಸೀಟಿನ ಮುದುಕ 'ಮೊಸಲಿ ಪಿಲ್ಲ!' ಎಂದು ಚೀರಿ, ಮೊಸಳೆ ಮರಿಯಿಂದ ತಪ್ಪಿಸಿಕೊಂಡ ಪುಣ್ಯಕ್ಕೆ ಕೈಮುಗಿಯುತ್ತಾ ಡ್ರೈವರನ ಹತ್ತಿರ ಹೋಗಿ ನಿಂತ. ಸುತ್ತಲಿನ ಸೀಟುಗಳು ಒಂದೊಂದಾಗಿ ಖಾಲಿಯಾದವು. ಓಡಿಹೋಗುವ ಹಕ್ಕು ಬಸ್ಸಿನಲ್ಲಿ ಎಲ್ಲರಿಗೂ ಇತ್ತು, ಆದಿನಾರಾಯಣನಿಗೆ ಮಾತ್ರ ಇರಲಿಲ್ಲ. ಹರಿತಾ ಅವನ ತೋಳಿಗೆ ಒರಗಿ, "ಹೆದರಬ್ಯಾಡ" ಎಂದು ಡಬ್ಬಿಯ ಕಡೆ ನೋಡಿ ಹೇಳಿದಳು. ಪ್ರಾಣಿಗೆ ಹೇಳುತ್ತಿದ್ದಾಳೆಂದು ಅವನು ತಿಳಿದ.

ಮಡಕಶಿರದ ಕೋಟೆ ಬೆಟ್ಟ ಕಂಡಾಗ ಅವನಿಗೆ ಹೋದ ಜೀವ ಬಂದಂತಾಯಿತು. ಮನೆಯ ಜಗುಲಿಯ ಮೇಲೆ ತಿಪ್ಪಕ್ಕ ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ಅವರ ಪಕ್ಕದಲ್ಲಿ ಲುಂಗಿ ಉಟ್ಟು ತಾನೂ ಶೇಂಗಾ ಸುಲಿಯುತ್ತಾ, ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹಾಕಿಕೊಳ್ಳುತ್ತಾ ಕೂತಿದ್ದವನು, ಅನಂತಪುರದ ಟ್ರೈನಿಂಗಿನಲ್ಲಿರಬೇಕಾಗಿದ್ದ ಗುರುಪ್ರಕಾಶ್. ಅದನ್ನು ಕೇಳುವ ವ್ಯವಧಾನ ಆದಿನಾರಾಯಣನಿಗಿರಲಿಲ್ಲ. ಡಬ್ಬಿ ಕೆಳಗಿಟ್ಟವನೇ ಹೋಗಿ, ಮದುವೆಯ ದಿನ ಬಿಟ್ಟರೆ ಎಂದೂ ಬಾಗದ ಸೊಂಟವನ್ನು ಬಾಗಿಸಿ, ಅತ್ತೆಯ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಎಡಭುಜವನ್ನೂ ಒಮ್ಮೆ ತಾಗಿಸಿದ.

"ಅಯ್ಯೋ ಶಿವನೆ, ಬುಡಿ ಅಳಿಯಂದ್ರೆ! ಏನಾಯ್ತು, ಯಾಕಿಂಗೆ?" ಎಂದು ತಿಪ್ಪಕ್ಕ ಗಾಬರಿಯಾದರು.

"ಕಂಚಿ ಮುಟ್ಟಿ ಬಂದ ಪುಣ್ಯವಂತ್ರು ನೀವು. ಸುಮ್ನ ನಮಸ್ಕಾರ" ಎಂದ ಆದಿನಾರಾಯಣ, ಎಷ್ಟೋ ದಿನದ ಮೇಲೆ ಹಗುರಾಗಿ ಉಸಿರು ಬಿಡುತ್ತಾ.

"ನಾನೆಲ್ಲಿ ಮುಟ್ದೆ? ಮಂಡಿನೋವು ಕಣಪ್ಪ, ಮೆಟ್ಲು ಹತ್ತಾಕೇ ಆಗ್ಲಿಲ್ಲ. ಅವ್ರೆಲ್ಲ ಮೇಲೋದ್ರು, ನಾನು ಕೆಳಗೇ ಚಪ್ಲಿ ಕಾಯ್ಕಂಡು ಕುಂತಿದ್ದೆ."

ಆದಿನಾರಾಯಣ ಹಿಡಿದಿದ್ದ ಪಾದಗಳನ್ನು ಮೆಲ್ಲಗೆ ಬಿಟ್ಟ.

"ಆದ್ರೂ ನಂಗೇನು ಚಿಂತೆ ಇರ್ಲಿಲ್ಲ. ಮನೆ ಅಳಿಯನೇ ಮುಟ್ಟಿರೋವಾಗ ನಾನ್ಯಾಕೆ ಮಂಡಿ ನೋಯಿಸ್ಕಳ್ಳಿ? ದೀಪಾವಳಿಗೆ ನಿಮ್ಮೂರಿಗೆ ಬಂದಾಗೆಲ್ಲ, ಕಾಫಿ ನಾನೇ ಕೊಡ್ತೀನಿ ಅಂತ ತಂದ್ಕೊಡ್ತಿದ್ನಲ್ಲ? ಲೋಟ ಕೊಡೋವಾಗ ನಿಮ್ ಬೆರಳು ಮುಟ್ಕಂಡು ಬಂದ್ಬುಡ್ತಿದ್ದೆ. ವರ್ಷಕ್ಕಾಗುತ್ತೆ ಅದು. ಇವತ್ತು ಬೆಳಗ್ಗೆ ನೋಡಿ, ಒಲೆ ಮುಂದೆ ಕುಂತಿದ್ದೆ, ಬಂದು ಭುಜದ ಮೇಲೆ ಬಿತ್ತು. ರಾಯದುರ್ಗದ ಬಸ್ಸಿಗೆ ಹೋಗಾಣ ಅಂತ ಸೀರೆ ತೆಗೆದಿಟ್ಟಿದ್ದೆ. ದೇವ್ರು ನಿಮ್ಮನ್ನೇ ಕಳಿಸ್ದ. ಎಲ್ಲಿ, ಕೈ ಕೊಡಿ!"

ಅತ್ತೆ ಕೈ ಚಾಚಿದರು. ಆದಿನಾರಾಯಣ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ರಾಯದುರ್ಗದಿಂದ ಮಡಕಶಿರದವರೆಗೆ ನಂಬಿದವರಿಗೆಲ್ಲ ಅವನೇ ಮೂಲ, ಅವನಿಗೆ ಮೂಲವೇ ಇಲ್ಲ. ಅತ್ತೆಯವರ ಕೈ ಇನ್ನೂ ಹತ್ತಿರ ಬಂದಾಗ ಅವನಿಗೆ ತಡೆಯಲಾಗಲಿಲ್ಲ.

"ಬ್ಯಾಡ್ರಿ ಅತ್ತಿ! ನಾ ಮುಟ್ಟಿಲ್ಲ! ನಾ ಮುಟ್ಟಿದ್ದು ಗೋಡಿ!"

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದನೆಂದು. ಅವನ ಕಣ್ಣು ಅತ್ತೆಯನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ, ನೇರ ಹರಿತಾಳ ಕಡೆ ಹೋಯಿತು. ಮುಗಿಯಿತು. ಇನ್ನು ಈ ಕೂಸು ಬಚ್ಚಲಿಗೆ ಹೋಗುವುದಿಲ್ಲ, ಕತ್ತೆತ್ತದೆ ನಡೆಯುವುದಿಲ್ಲ. ಹರಿತಾ ಶೇಂಗಾ ಬೀಜದ ಸಿಪ್ಪೆ ಊದುತ್ತಿದ್ದಳು.

"ನನಗ ಗೊತ್ತೈತಲ್ಲಪ್ಪ" ಎಂದಳು.

"ಏನ್ ಗೊತ್ತೈತಿ?"

"ನೀ ಗೋಡಿ ಮುಟ್ಟಿದ್ದು. ದಿನಾ ನಿದ್ದಿಯಾಗ 'ಗೋಡಿ, ಗೋಡಿ' ಅಂತೀಯಂತ. ಅಮ್ಮ ಹೇಳ್ಯಾಳ. ಅಣ್ಣಗೂ ಗೊತ್ತೈತಿ."

ರವಿತೇಜ ತಲೆಯಾಡಿಸಿದ. ಆದಿನಾರಾಯಣ ಹೆಂಡತಿಯ ಕಡೆ ತಿರುಗಿದ. ತವರಿನ ಜಗುಲಿಯ ಮೇಲೆ ಕಾಲಿಟ್ಟೊಡನೆ ವಿಶಾಲಮ್ಮನಿಗೆ ತವರಿನ ಮಾತೂ ಬಂದುಬಿಟ್ಟಿತ್ತು. "ಇನ್ನೇನು ಮಾಡ್ಲಿ? ಮಕ್ಕಳಿಗೆ ಪರಿಚಯ ಮಾಡಿಸ್ದಂಗೆ ನಿಮಗೂ ಆಗ್ಲಿ, ಭಯ ಬುಡ್ಲಿ ಅಂತ ನಾನೇ ತಮ್ಮನ ಕೈಲಿ ತರಿಸ್ದೆ."

"ಟ್ರೈನಿಂಗ್ ನನಗಲ್ಲ ಭಾವ, ನಿಮಗೇ" ಎಂದು ಗುರುಪ್ರಕಾಶ್ ಇನ್ನೊಂದು ಹಿಡಿ ಶೇಂಗಾ ತೆಗೆದುಕೊಂಡ. "ಅಂದು ಅರ್ಧ ಕೇಳಿ ಕಿವಿ ಮುಚ್ಕಂಡ್ರಲ್ಲ, ಇನ್ನರ್ಧ ಕೇಳಿ. ಅದು ಹಲ್ಲಿನೇ ಅಲ್ಲ, ಕಪ್ಪೆ ದಾಯಾದಿ. ನೀರು ಬುಟ್ಟು ಬರೋದೇ ಇಲ್ಲ. ಮೈಮೇಲೆ ಹತ್ಕಂಡ್ರೂ ದೋಷ ಗೀಷ ಏನೂ ಇಲ್ಲ."

ಆದಿನಾರಾಯಣನಿಗೆ ಅದು ಯಾವುದೂ ತಲೆಗೆ ಹೋಗಲಿಲ್ಲ. ಅವನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಗೊತ್ತಿದ್ರೂ ಬಚ್ಚಲಿಗೆ ಹೋಗಾವಾಗ ದಿನಾ ನನ್ನ ಕೈ ಯಾಕ ಮುಟ್ಟತಿದ್ದಿ?"

"ನಿನಗ ಧೈರ್ಯ ಬರ್ಲಿ ಅಂತ" ಎಂದಳು ಹರಿತಾ. "ನಾ ಒಳಗ ಹೋದಮ್ಯಾಲ ಹೊರಗ ನೀ ಒಬ್ಬನ ಇರ್ತಿದ್ದೆಲ್ಲ."

ಆದಿನಾರಾಯಣನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಹಾಳು ಹಲ್ಲಿಯ ಹೆಸರಿನಲ್ಲಿ ಇಷ್ಟು ದಿನ ತಾನು ಕೂಸನ್ನು ಕಾಯುತ್ತಿದ್ದೇನೆಂದು ಬೀಗಿದ್ದ, ಕೂಸು ಸದ್ದಿಲ್ಲದೆ ತನ್ನನ್ನೇ ಕಾದಿತ್ತು. ಅವಳನ್ನು ಎತ್ತಿಕೊಂಡು ಮುದ್ದಿಸಬೇಕೆನಿಸಿತು. ಎತ್ತಿಕೊಳ್ಳುವಷ್ಟರಲ್ಲಿ ಅತ್ತೆಯ ದನಿ ಅಡ್ಡ ಬಂತು.

"ಅದೆಲ್ಲ ಸರಿ ಕಣ್ರಪ್ಪ. ನನ್ನ ಭುಜದ ಮೇಲೆ ಬಿದ್ದಿದ್ದು ಕಪ್ಪೆ ದಾಯಾದಿ ಅಲ್ಲ, ದಿಟವಾದ ಹಲ್ಲಿ. ನನ್ ಗತಿ ಏನೀಗ?"

ಹರಿತಾ ಎದ್ದು ಡಬ್ಬಿಯ ಮುಚ್ಚಳ ಸರಿಸಿ, ನೀರಿಗೆ ಬೆರಳಿಳಿಸಿ ಕಾದಳು. ಅದು ಬಂದು ಮೂತಿ ತಾಗಿಸಿತು. ಅವಳು ಒದ್ದೆ ಕೈಯನ್ನು ಅಜ್ಜಿಯ ಮುಂದೆ ಹಿಡಿದಳು.

"ನನ್ನ ಕೈ ಮುಟ್ಟಜ್ಜಿ. ಕಂಚಿಯಾಗಿರೋದಕ್ಕ ಜೀವ ಇಲ್ಲ. ನಾ ದಿನಾ ಜೀವ ಇರೋದನ್ನ ಮುಟ್ಟೀನಿ."

ತಿಪ್ಪಕ್ಕ ಒಂದು ಕ್ಷಣ ಯೋಚಿಸಿದರು. ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಮೆಟ್ಟಿಲೂ ಇಲ್ಲ, ಬಸ್ಸೂ ಇಲ್ಲ. ಸೆರಗು ಸರಿಮಾಡಿಕೊಂಡು, ಭಕ್ತಿಯಿಂದ ಮೊಮ್ಮಗಳ ಬೆರಳು ಮುಟ್ಟಲು ಮುಂದೆ ಬಾಗಿದರು. ಅಷ್ಟರಲ್ಲಿ ಅವರ ಪಕ್ಕದಿಂದ ಇನ್ನೊಂದು ಕೈ, ಯಾರಿಗೂ ಕಾಣದಿರಲೆಂದು ಮೆಲ್ಲಮೆಲ್ಲಗೆ, ಆ ಪುಟ್ಟ ಬೆರಳಿನ ಕಡೆ ಸರಿಯುತ್ತಾ ಬಂತು. ಕಪ್ಪೆಯ ದಾಯಾದಿಯೇ ಇರಲಿ, ಮುಖವಂತೂ ಹಲ್ಲಿಯದೇ, ಯಾವುದಕ್ಕೂ ಇರಲಿ ಎಂದು ಆ ಕೈಯವನ ಲೆಕ್ಕ.

ಹರಿತಾ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಪ್ಪಾ, ಅಜ್ಜಿದು ಆಗ್ಲಿ. ಸಾಲಿನಾಗ ಬಾ."

ಆದಿನಾರಾಯಣ ಎದ್ದು, ಒಮ್ಮೆ ಸೂರಿನ ಕಡೆ ನೋಡಿ, ಅತ್ತೆಯ ಹಿಂದೆ ಹೋಗಿ ನಿಂತ.